ಸಾರಿನಲ್ಲಿ ನಿಂತ ಸುದ್ದಿ

ನನ್ನ ಮೆಸ್ಸಿನ ಬಾಗಿಲ ಮೇಲೆ ಬಹಳ ಕಾಲ ಒಂದು ಹಲಗೆ ತೂಗುತ್ತಿತ್ತು: 'ಇಲ್ಲಿ ಸುದ್ದಿ ಹೇಳಬಾರದು.' ಪರವೂರಿನವರು ಅದನ್ನು ಓದಿ, ಬೇರೆ ಹೋಟೆಲುಗಳಲ್ಲಿ ರಾಜಕೀಯ ಮಾತಾಡಬೇಡಿ ಅಂತ ಬರೆದಿರುತ್ತಾರಲ್ಲ, ಇದೂ ಅಂಥದೇ ಇರಬೇಕು ಅಂದುಕೊಂಡು ನಗುತ್ತಿದ್ದರು. ರಾಜಕೀಯದ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ಚಿಂತೆಯೆಲ್ಲ ಉಪ್ಪಿನದು.

ನಮ್ಮೂರಿನಲ್ಲಿ ಯಾರಾದರೂ ಸುಳ್ಳು ಸುದ್ದಿ ಹೇಳಿದರೆ, ತಿಳಿದೇ ಹೇಳಲಿ, ತಿಳಿಯದೆ ಹೇಳಲಿ, ಮುಂದಿನ ಊಟದ ಹೊತ್ತಿಗೆ ಅವರು ಉಣ್ಣುವ ಮನೆಯ ಉಪ್ಪು ಸಪ್ಪೆಯಾಗುತ್ತದೆ. ಬಣ್ಣ ಹಾಗೇ ಇರುತ್ತದೆ, ಹರಳೂ ಹಾಗೇ ಇರುತ್ತದೆ, ನಾಲಿಗೆಗೆ ಮಾತ್ರ ಸೀಮೆಸುಣ್ಣ. ಕಥೆಗೆ, ಬೈಗುಳಕ್ಕೆ, ಮದುವೆ ಮಾತುಕತೆಯಲ್ಲಿ ಮಾಡುವ ಗಂಡಿನ ಗುಣಗಾನಕ್ಕೆ ಉಪ್ಪು ತಲೆ ಕೆಡಿಸಿಕೊಳ್ಳುವುದಿಲ್ಲ. ಸುದ್ದಿಗೆ ಮಾತ್ರ. ಸಪ್ಪೆಯಾದ ಉಪ್ಪನ್ನು ಸರಿಮಾಡಿಕೊಳ್ಳುವ ಕ್ರಮವೂ ಇದೆ. ಅದರಲ್ಲಿ ಒಂದು ಹಿಡಿ ತೆಗೆದುಕೊಂಡು, ಸುದ್ದಿಯನ್ನು ಯಾರ್‍ಯಾರಿಗೆ ಹೇಳಿದ್ದೆವೋ ಅವರೆಲ್ಲರ ಮನೆಗೂ ಹೋಗಿ, "ನನ್ನದು ಸಪ್ಪೆ" ಅನ್ನಬೇಕು. ಅವರು ಒಂದು ಹರಳು ನಾಲಿಗೆಗೆ ಇಟ್ಟು ನೋಡಿ, "ಹೋಗಲಿ ಬಿಡಿ" ಅನ್ನಬೇಕು. ಕೊನೆಯ ಮನೆ ಮುಗಿಯುವ ಹೊತ್ತಿಗೆ ಜಾಡಿಯಲ್ಲಿ ರುಚಿ ಮರಳಿರುತ್ತದೆ. ನಮ್ಮ ಕಡೆ ಇದಕ್ಕೆ ಸಪ್ಪೆ ತೋರಿಸುವುದು ಅನ್ನುತ್ತಾರೆ. ಊರಿನ ವಾರಪತ್ರಿಕೆಯ ಸಂಪಾದಕರು ಒಂದು ಕಾಲದಲ್ಲಿ ಅಷ್ಟು ಮನೆ ತಿರುಗಲಾರದೆ ಉಪ್ಪಿನ ಆಸೆಯನ್ನೇ ಬಿಟ್ಟು ಪಾಯಸ, ಹೋಳಿಗೆಯ ಮೇಲೆ ಬದುಕತೊಡಗಿದರು. ಕೊನೆಗೆ ಸಕ್ಕರೆ ಕಾಯಿಲೆ ಬಂದು ಪತ್ರಿಕೆ ನಿಂತಿತು.

ನನ್ನ ಕಷ್ಟ ಏನೆಂದರೆ ನನ್ನ ಜಾಡಿಯ ಉಪ್ಪು ತಿನ್ನುವವರು ಹತ್ತಾರು ಜನ, ಎಲ್ಲರೂ ಹರೆಯದವರು. ಒಬ್ಬನ ನಾಲಿಗೆ ಸಡಿಲವಾದರೆ ಎಲ್ಲರ ಸಾರೂ ಹಾಳು. ಹೊಸಬರು ಊಟಕ್ಕೆ ಸೇರಲು ಬಂದರೆ, ಬೀಡಿ ಸಿಗರೇಟಿನ ಅಭ್ಯಾಸ ಇದೆಯೇ ಅಂತ ನಾನು ಕೇಳಿದವಳಲ್ಲ. "ಸುದ್ದಿ ಹೇಳೋ ಚಟ ಇದೆಯೇನಪ್ಪಾ?" ಅಂತ ಕೇಳುತ್ತಿದ್ದೆ. "ಅಯ್ಯೋ ಇಲ್ಲಕ್ಕಾ" ಅನ್ನುತ್ತಿದ್ದರು. ಅದು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಉಪ್ಪು ಸುಮ್ಮನಿರುತ್ತಿತ್ತು.

ಹಿಂದಿನವರು ಉಪ್ಪಿಗೆ ಹೆದರಿ ಬಾಯಿ ಬಿಗಿಹಿಡಿದಿದ್ದರು. ಈಗಿನ ಹುಡುಗ ಹುಡುಗಿಯರು ಅದನ್ನೇ ತಿರುಗಿಸಿ ನಿಲ್ಲಿಸಿದರು. ಸಂಜೆಯಾದರೆ ಎಲ್ಲ ಬಸ್ಸು ನಿಲ್ಲುವಲ್ಲಿ ಗಡಿಯಾರದ ಕಂಬದ ಸುತ್ತಲಿನ ಕಟ್ಟೆಯ ಮೇಲೆ ಸೇರುತ್ತಿದ್ದರು. ಕೈಗೆ ಸಿಕ್ಕ ಸುದ್ದಿಯನ್ನು ಮೊದಲು ಹೇಳಿಬಿಡುವುದು, ರಾತ್ರಿ ಊಟದಲ್ಲಿ ಸಾರು ನೋಡುವುದು. ರುಚಿ ಇದ್ದರೆ ಸುದ್ದಿ ನಿಜ. ಅದಕ್ಕೆ 'ಸಾರಿನಲ್ಲಿ ನಿಂತ ಸುದ್ದಿ' ಅಂತ ಹೆಸರು. ಸಪ್ಪೆಯಾದರೆ ನಾಳೆ ನಾಲ್ಕು ಮನೆ ತಿರುಗಿದರಾಯಿತು. "ಹೇಳೋಕೆ ಮುಂಚೆ ಸ್ವಲ್ಪ ಯೋಚನೆ ಮಾಡ್ರೋ" ಅಂದರೆ, "ಯೋಚನೆ ಮಾಡೋಕೆ ಉಪ್ಪು ಇದೆಯಲ್ಲಕ್ಕಾ, ನಮಗ್ಯಾಕೆ ಡಬಲ್ ಕೆಲಸ?" ಅನ್ನುತ್ತಿದ್ದರು. ಕಟ್ಟೆಯಲ್ಲಿ ಇನ್ನೊಂದು ನಿಯಮವೂ ಇತ್ತು. ದಿನಕ್ಕೊಂದಾದರೂ ಸುದ್ದಿ ತರದವನಿಗೆ ಕೂರಲು ಜಾಗ ಇರಲಿಲ್ಲ. ಅವನು ನಿಂತೇ ಇರಬೇಕು.

ಲೋಹಿತ ಹೆಚ್ಚಾಗಿ ನಿಂತಿರುತ್ತಿದ್ದವನು. ಡಿಗ್ರಿ ಮುಗಿಸಿ, ಪೇಟೆ ಬೀದಿಯ ಫೋಟೋ ಫ್ರೇಮಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಏನೇ ಬರಲಿ, ಚೌಕಟ್ಟಿಗೆ ಸರಿಯಾಗಿ ಅಂಚು ಕತ್ತರಿಸುವುದರಲ್ಲಿ ಅವನ ಕೈ ಬಹಳ ನಯ. ಗ್ರೂಪ್ ಫೋಟೋದ ಕೊನೆಯಲ್ಲಿ ನಿಂತ ಬೇಡದ ನೆಂಟನನ್ನು ಗೊತ್ತೇ ಆಗದಂತೆ ತೆಗೆಯುತ್ತಿದ್ದ ಅಂತ ಖ್ಯಾತಿ. ಮೆಸ್ಸಿನಲ್ಲಿ ಮೂಲೆಯ ಜಾಗ ಅವನದು. ಮಾತು ಕಡಿಮೆ, ಎರಡನೇ ಸಲ ಅನ್ನ ಕೇಳಲೂ ಸಂಕೋಚ.

ಈ ಸಂಕೋಚದ ಹುಡುಗ ಸಂಜೆ ಅಂಗಡಿ ಮುಚ್ಚಿದ ಮೇಲೆ ನೀರಿನ ಟ್ಯಾಂಕಿನ ದಿಬ್ಬಕ್ಕೆ ಹೋಗುತ್ತಿದ್ದ. ಟ್ಯಾಂಕಿನ ಕೆಳಗೆ ನೀರುಗಂಟಿ ಸಿದ್ದವೀರಯ್ಯನ ಮನೆ. ಊರಿಗೆಲ್ಲ ಸಿದ್ದಣ್ಣ. ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಅಂತ ವಾಲ್ವ್ ತಿರುಗಿಸುವುದು, ಟ್ಯಾಂಕ್ ತೊಳೆಸುವುದು, ನೀರಿಗೆ ಬ್ಲೀಚಿಂಗ್ ಪುಡಿ ಹಾಕುವುದು ಅವನ ಕೆಲಸ. ಹೆಂಡತಿ ತೀರಿಕೊಂಡಿದ್ದಳು. ಮಗಳು ಚಂಪಾ ಹೊಲಿಗೆ ಮಿಷನ್ನನ್ನು ಬಾಗಿಲಿಗೆ ಎಳೆದುಕೊಂಡು ಬೆಳಕಿರುವವರೆಗೂ ಹೊಲಿಯುತ್ತಿದ್ದಳು. ಲೋಹಿತ ದಿಬ್ಬದ ಬಂಡೆಯ ಮೇಲೆ ಕೂತು ಸೂರ್ಯಾಸ್ತ ನೋಡುತ್ತಿದ್ದ. ಸೂರ್ಯ ಮುಳುಗುವುದು ಅವನ ಬೆನ್ನ ಹಿಂದೆ ಅನ್ನುವುದು ಬೇರೆ ಮಾತು. ಚಂಪಾ ಒಂದೆರಡು ಸಲ ನಕ್ಕಿದ್ದಳು. ಅಂಗಡಿಯಲ್ಲಿ ಸ್ವಲ್ಪ ಭದ್ರವಾಗಿ ನಿಂತ ಮೇಲೆ ಸಿದ್ದಣ್ಣನನ್ನು ಕೇಳಬೇಕು ಅಂತ ಅವನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ.

ಒಂದು ಸಂಜೆ ಅವನು ದಿಬ್ಬದಿಂದ ಇಳಿದು ಬರುವುದನ್ನು ಕಟ್ಟೆಯವರು ನೋಡಿದರು.

"ಏನೋ ಲೋಹಿತ, ದಿನಾ ಟ್ಯಾಂಕ್ ಕಡೆ ವಾಕಿಂಗು? ಏನಿದೆ ಅಲ್ಲಿ?" ಅಂದಳು ಪ್ರತಿಮಾ. ಕಟ್ಟೆಯ ನಟ್ಟನಡುವಿನ ಜಾಗ ಇವಳದು, ಸುದ್ದಿ ತರುವುದರಲ್ಲಿ ಗಟ್ಟಿಗಿತ್ತಿ.

"ಏನಿಲ್ಲ."

"ಏನಿಲ್ಲದ ಕಡೆ ಯಾರೂ ದಿನಾ ಹೋಗಲ್ಲಪ್ಪ. ಹೇಳು, ಏನು ನೋಡ್ದೆ?"

ಎಲ್ಲರೂ ತಿರುಗಿ ನೋಡಿದರು. ನೋಡಿದ್ದು ಚಂಪಾಳನ್ನು, ಅವಳು ದಾರ ಕಚ್ಚಿ ಕತ್ತರಿಸುವುದನ್ನು. ಅದನ್ನು ಹೇಳುವುದಕ್ಕಿಂತ ಭೂಮಿ ಬಾಯಿಬಿಟ್ಟರೆ ವಾಸಿ ಅನ್ನಿಸಿತು ಅವನಿಗೆ. ಆ ಹೊತ್ತಿನಲ್ಲಿ ಅಲ್ಲಿ ಕಂಡಿದ್ದ ಇನ್ನೊಂದು ಸಂಗತಿ ನೆನಪಾಗಿ, ಬಾಯಿಂದ ಅದೇ ಬಂತು.

"ಸಿದ್ದಣ್ಣ ಟ್ಯಾಂಕಿಗೆ ಏನೋ ಬಿಳೀ ಪುಡಿ ಸುರೀತಿದ್ರು."

ಯಾರೋ ಸರಿದು ಲೋಹಿತನಿಗೆ ಕೂರಲು ಜಾಗ ಕೊಟ್ಟರು.

"ನಮ್ಮ ಬೀದೀಲಿ ಎರಡು ಮಕ್ಕಳು ಸೋಮವಾರದಿಂದ ವಾಂತಿ ಮಾಡ್ಕೋತಿವೆ," ಅಂದಳು ಪ್ರತಿಮಾ ನಿಧಾನವಾಗಿ.

"ಅಂದ್ರೆ ನೀನು ಹೇಳೋದು..." ಅಂದ ಪಕ್ಕದಲ್ಲಿ ಕೂತಿದ್ದವನು.

"ನಾನೇನೂ ಹೇಳ್ತಿಲ್ಲಪ್ಪ. ಎರಡು ಸಂಗತಿ ಪಕ್ಕಪಕ್ಕ ಇಡ್ತಿದೀನಿ, ಅಷ್ಟೆ."

ಆ ರಾತ್ರಿ ನನ್ನ ಮೆಸ್ಸಿನ ಸಾರಿಗೆ ರುಚಿ ಇತ್ತು. ಪ್ರತಿಮಾಳ ಮನೆಯ ಸಾರಿಗೂ ಇತ್ತು. ಪುಡಿ ಸುರಿದದ್ದು ನಿಜ, ಮಕ್ಕಳು ವಾಂತಿ ಮಾಡಿಕೊಂಡದ್ದೂ ನಿಜ. ಯಾವುದೋ ಮದುವೆಮನೆಯಲ್ಲಿ ಮೂರು ದಿನದ ಹಳೇ ಮಿಠಾಯಿ ತಿಂದು ಮಾಡಿಕೊಂಡಿದ್ದವು ಅನ್ನುವುದು ಆಮೇಲೆ ಗೊತ್ತಾಯಿತು. ಆದರೆ ಮಿಠಾಯಿಯಿಂದ ಅಲ್ಲ ಅಂತ ಯಾರೂ ಅಂದಿರಲಿಲ್ಲವಲ್ಲ. ಕೇಳಿದವರು ಎರಡೂ ಸಂಗತಿಯನ್ನು ಅದೇ ಕ್ರಮದಲ್ಲಿ, ಪಕ್ಕಪಕ್ಕದಲ್ಲೇ ಇಟ್ಟು ಮುಂದಿನವರಿಗೆ ದಾಟಿಸಿದರು. ಅವರ ಮನೆಗಳಲ್ಲೂ ಸುದ್ದಿ ಸಾರಿನಲ್ಲಿ ನಿಂತಿತು. ವಿಷ ಅನ್ನುವ ಮಾತನ್ನು ಊರಿನಲ್ಲಿ ಒಬ್ಬರೂ ಆಡಲಿಲ್ಲ. ಆಡಿದ್ದರೆ ಉಪ್ಪು ಸಪ್ಪೆಯಾಗಿ ಆ ರಾತ್ರಿಯೇ ಎಲ್ಲ ಮುಗಿದುಹೋಗುತ್ತಿತ್ತು.

ಎರಡು ದಿನ ಕಳೆಯುವುದರಲ್ಲಿ ಹೆಂಗಸರು ಕೊಡ ಎತ್ತಿಕೊಂಡು ಹಳೇ ಬಾವಿಗೆ ನಡೆಯತೊಡಗಿದರು. ನಲ್ಲಿಗಳು ಸುಮ್ಮನೆ ನಿಂತವು. ಸಿದ್ದಣ್ಣ ಕಟ್ಟೆಯ ಹತ್ತಿರ ಬಂದು ನಿಂತ.

"ಯಾಕ್ರಪ್ಪ, ನೀರು ಹಿಡೀತಿಲ್ಲ ಯಾರೂ?"

"ನೀವು ಟ್ಯಾಂಕಿಗೆ ಪುಡಿ ಹಾಕಿದ್ದು ಹೌದಾ ಅಲ್ವಾ ಸಿದ್ದಣ್ಣ?"

"ಹೂಂ ಕಣಪ್ಪ, ಹಾಕ್ದೆ. ಬ್ಲೀಚಿಂಗ್ ಪುಡಿ. ನೀವು ಹುಟ್ಟೋಕೆ ಮುಂಚಿಂದ ಹಾಕ್ತಿದೀನಿ."

"ನೋಡಿದ್ರಾ, ಒಪ್ಕೊಂಡ್ರು," ಅಂದ ಒಬ್ಬ.

"ಅಲ್ಲಪ್ಪಾ, ಒಪ್ಕೊಳ್ಳೋಕೆ ಏನಿದೆ ಇದ್ರಲ್ಲಿ?" ಸಿದ್ದಣ್ಣನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನಕ್ಕ. ಜೊತೆಗೆ ಯಾರೂ ನಗಲಿಲ್ಲ.

ಮಾರನೆಯ ಬೆಳಗ್ಗೆ ಲೋಹಿತ ನನ್ನ ಅಡಿಗೆಮನೆ ಹೊಸ್ತಿಲಲ್ಲಿ ನಿಂತಿದ್ದ.

"ಅಕ್ಕಾ, ಒಂದು ಹಿಡಿ ಉಪ್ಪು ಕೊಡಿ. ಸಪ್ಪೆ ತೋರಿಸ್ಬೇಕು."

"ನಿನ್ನಿಂದ ಏನೂ ಸಪ್ಪೆ ಆಗಿಲ್ವಲ್ಲೋ. ನಿನ್ನೆ ಹುಳಿ ನೀನೇ ಉಂಡ್ಯಲ್ಲ, ಉಪ್ಪು ಸರಿಯಾಗೇ ಇತ್ತು."

"ಗೊತ್ತು. ಆದ್ರೆ ಈ ಊರಲ್ಲಿ ಆಡಿದ ಮಾತು ವಾಪಸ್ ತಗೊಳ್ಳೋಕೆ ಬೇರೆ ದಾರಿ ಯಾವುದಿದೆ ಹೇಳಿ?"

ದಿನಸಿ ಕಟ್ಟಿದ ಕಾಗದದಿಂದ ಹಿಡಿದು ಲೈಬ್ರರಿಯ ದಪ್ಪ ಪುಸ್ತಕದವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವವಳು ನಾನು. ಯಾವುದರಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಜಾಡಿ ತೆಗೆದು ಕೊಟ್ಟೆ.

ಅವನು ಮೊದಲು ಹೋದದ್ದು ಪ್ರತಿಮಾಳ ಮನೆಗೆ. ಬಾಗಿಲು ತೆರೆದವರು ಅವಳ ತಾಯಿ ಸುಬ್ಬಲಕ್ಷ್ಮಮ್ಮ. "ನನ್ನದು ಸಪ್ಪೆ" ಅಂದು ಅಂಗೈ ಚಾಚಿದ. ಸುಬ್ಬಲಕ್ಷ್ಮಮ್ಮ ಕ್ರಮದಂತೆ ಒಂದು ಹರಳು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಮುಖ ಅರಳಿತ್ತು.

"ಉಪ್ಪಾಗೇ ಇದೆಯಲ್ಲೋ! ರೀ, ಬನ್ನಿ ಇಲ್ಲಿ! ಕಣ್ಣಾರೆ ನೋಡಿದ ಹುಡುಗನೇ ಬಂದಿದಾನೆ. ಉಪ್ಪು ನಿಂತಿದೆ!"

"ಅಮ್ಮಾ, ಅದು ಬರೀ ಬ್ಲೀಚಿಂಗ್ ಪುಡಿ..."

"ನೀನು ಹತ್ತಿರ ಹೋಗಿ ಮೂಸಿ ನೋಡಿದ್ಯಾ?"

"ಇಲ್ಲ, ಆದ್ರೆ..."

"ಹಾಗಾದ್ರೆ ಗೊತ್ತಿಲ್ಲದ್ದು ಹೇಳ್ಬೇಡಪ್ಪಾ. ಪಾಪ, ಮೆಸ್ಸಿನವರ ಉಪ್ಪು ಕೆಡುತ್ತೆ."

ಎರಡನೇ ಮನೆಯಲ್ಲೂ ಇದೇ ಆಯಿತು, ಮೂರನೆಯದರಲ್ಲೂ. ಅವನು ಮಾತು ಹಿಂತೆಗೆದುಕೊಳ್ಳಲು ಹೋದ ಬಾಗಿಲಲ್ಲೆಲ್ಲ ಮಾತು ಗಟ್ಟಿಯಾಯಿತು. ಅಲ್ಲಿಯವರೆಗೆ ಅದು ಕಟ್ಟೆಯ ಹುಡುಗರ ಸುದ್ದಿ. ಈಗ ಹಿರಿಯರೂ ಮೂಲದಿಂದಲೇ ರುಚಿ ನೋಡಿದ್ದರು. ಪುರಸಭೆಯ ಅಧ್ಯಕ್ಷರು ಕೂಡ ಒಂದು ಹರಳು ಚಪ್ಪರಿಸಿ, "ಹೂಂ" ಅಂದು, ಸಿದ್ದಣ್ಣನಿಂದ ಪುಡಿಯ ಕೋಣೆಯ ಬೀಗದಕೈ ಇಸಿದುಕೊಂಡರು. ಕೆಲಸದಿಂದ ತೆಗೆಯಲಿಲ್ಲ. ಅವನು ತಪ್ಪು ಮಾಡಿದ್ದಾನೆ ಅಂತ ಯಾರೂ ಅಂದಿರಲಿಲ್ಲವಲ್ಲ. ಲೋಹಿತ ಹಿಂದಿರುಗುವಾಗ ಅಂಗೈಯಲ್ಲಿ ಉಳಿದಿದ್ದ ಉಪ್ಪು ಬೆವರಿಗೆ ಕರಗಿ ಮಣಿಕಟ್ಟಿನವರೆಗೆ ಹರಿದಿತ್ತು. ಕೈ ತೊಳೆದುಕೊಂಡು ಬಂದು ಮೂಲೆಯಲ್ಲಿ ಕೂತ. ಊಟ ಸೇರಲಿಲ್ಲ.

ಸಿದ್ದಣ್ಣನಿಗೆ ಉಪ್ಪಿನ ವ್ಯವಹಾರ ಯಾವತ್ತೂ ಸರಿಯಾಗಿ ಒಗ್ಗಿರಲಿಲ್ಲ. ಅವನು ತನಗೆ ಗೊತ್ತಿದ್ದ ಪುರಾವೆ ಕೊಡಲು ಹೊರಟ. ದಿನಾ ಬೆಳಗ್ಗೆ ಗಡಿಯಾರದ ಕೆಳಗಿನ ನಲ್ಲಿಯಿಂದ ಚೊಂಬು ತುಂಬಿಸಿ, ಎತ್ತಿ ಹಿಡಿದು, ಗಟಗಟ ಕುಡಿದು, ಬಾಯಿ ಒರೆಸಿಕೊಂಡು ನಿಲ್ಲುತ್ತಿದ್ದ. "ಸುದ್ದಿ ಬೇಡ ಕಣ್ರಪ್ಪ. ನೀರು ನೋಡಿ, ನನ್ನ ನೋಡಿ," ಅನ್ನುತ್ತಿದ್ದ. ಬಸ್ಸಿಗೆ ಕಾಯುವವರು ಒಂದು ಸಲ ನೋಡಿ ಮುಖ ತಿರುಗಿಸುತ್ತಿದ್ದರು. "ಕುಡಿದು ತೋರ್ಸೋದು ಯಾವ ಸೀಮೆ ಪುರಾವೆ?" ಅಂತ ಕಟ್ಟೆಯಲ್ಲಿ ನಗೆಯಾಡಿದರು. ಲೋಹಿತ ಒಂದು ದಿನ ಹೋಗಿ ಅವನ ಪಕ್ಕ ನಿಂತು ತಾನೂ ಕುಡಿಯಲು ಕೈ ಚಾಚಿದ. ಸಿದ್ದಣ್ಣ ಚೊಂಬು ಕೊಡಲಿಲ್ಲ. "ನೀನು ಬೇಡ ಮಗಾ. ಹುಡುಗರು ಆಡ್ಕೋತಾರೆ," ಅಂದ.

ಬೇಸಿಗೆ. ನೀರು ಯಾರಿಗೂ ಬೇಡವಾಗಿ ಟ್ಯಾಂಕಿನಲ್ಲೇ ನಿಂತಿತ್ತು. ಪುಡಿಯ ಕೋಣೆಗೆ ಬೀಗ. ನಿಂತ ನೀರು ಏನಾಗುತ್ತದೆ ಅನ್ನುವುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಸಿದ್ದಣ್ಣ. ಅಧ್ಯಕ್ಷರ ಮನೆ ಬಾಗಿಲಿಗೆ ಮೂರು ಸಲ ಹೋಗಿ ಬೀಗದಕೈ ಕೇಳಿದ್ದನಂತೆ. ಕೊಡಲಿಲ್ಲ. ಆದರೂ ಬೆಳಗ್ಗೆ ಚೊಂಬು ಎತ್ತುವುದನ್ನು ಬಿಡಲಿಲ್ಲ. "ಇವತ್ತು ನಿಲ್ಲಿಸಿದ್ರೆ ಅವರು ಅಂದಿದ್ದೇ ನಿಜ ಆಗುತ್ತೆ ಕಣಮ್ಮ," ಅಂತ ಚಂಪಾಗೆ ಹೇಳಿದನಂತೆ.

ಒಂದು ಬೆಳಗ್ಗೆ ಅವನು ಬರಲಿಲ್ಲ. ವಾಂತಿ ಭೇದಿ. ಗಾಡಿ ಮಾಡಿಕೊಂಡು ಪಕ್ಕದೂರಿನ ಆಸ್ಪತ್ರೆಗೆ ಹೊತ್ತೊಯ್ದರು. ಸಂಜೆಗೆ ಹೆಣ ವಾಪಸ್ ಬಂತು.

"ಟ್ಯಾಂಕಿನ ನೀರು ಕುಡಿದು ಸತ್ತರು" ಅನ್ನುವುದು ಊರೆಲ್ಲ ಓಡಾಡಿತು. ಅದೂ ಸಾರಿನಲ್ಲಿ ನಿಂತಿತು.

ಆಮೇಲೆ ನೀರಿನ ಪರೀಕ್ಷೆಗೆ ಅಂತ ಹೊರಗಿನಿಂದ ಒಬ್ಬರು ಬಂದರು. ಬಾಟಲಿಯಲ್ಲಿ ನೀರು ಹಿಡಿದು, ಪುಡಿಯ ಕೋಣೆ ತೆರೆಸಿ ನೋಡಿ, "ಇಷ್ಟೊಂದು ಬ್ಲೀಚಿಂಗ್ ಪೌಡರ್ ಇಟ್ಕೊಂಡು ಯಾಕ್ರೀ ಹಾಕಿಲ್ಲ? ಹಾಕ್ತಿದ್ದವರು ಎಲ್ಲಿ?" ಅಂದರು. ಯಾರೂ ಉತ್ತರ ಕೊಡಲಿಲ್ಲ. ನಮ್ಮೂರಿನಲ್ಲಿ ಉತ್ತರ ಕೊಡದೆ ಇರುವುದರಿಂದ ಉಪ್ಪಿಗೆ ಏನೂ ಆಗುವುದಿಲ್ಲ.

ಸಪ್ಪೆ ತೋರಿಸುವ ಪ್ರಸಂಗವೇ ಬರಲಿಲ್ಲ. ಯಾರ ಉಪ್ಪೂ ಕೆಟ್ಟಿರಲಿಲ್ಲ, ಆದ್ದರಿಂದ ಯಾರದೂ ತಪ್ಪಿರಲಿಲ್ಲ. ಆದರೂ ಏನಾದರೂ ಮಾಡಬೇಕು ಅಂತ ಎಲ್ಲರಿಗೂ ಅನ್ನಿಸಿ, ಗಡಿಯಾರದ ಕೆಳಗೆ ಒಂದು ಶೋಕಸಭೆ ಅಂತ ತೀರ್ಮಾನವಾಯಿತು. ಫೋಟೋಗೆ ಚೌಕಟ್ಟು ಹಾಕಿಸುವ ಕೆಲಸ ಲೋಹಿತನ ಅಂಗಡಿಗೇ ಬಂತು. ಸಿದ್ದಣ್ಣನ ಒಂದೇ ಒಂದು ಫೋಟೋ ಇತ್ತು, ಟ್ಯಾಂಕಿನ ಮೆಟ್ಟಿಲ ಮೇಲೆ ನಿಂತಿದ್ದು, ಕೈಯಲ್ಲಿ ಬಕೆಟ್ಟು, ಬಕೆಟ್ಟಿನಲ್ಲಿ ಪುಡಿ. ಅಧ್ಯಕ್ಷರು ಅಂಗಡಿಗೆ ಬಂದು ನೋಡಿ, "ಆ ಬಕೆಟ್ಟು ಬೇಡ. ಮುಖ ಮಾತ್ರ ಇಟ್ಟು ಕತ್ತರಿಸು," ಅಂದರು.

"ಆಗಲ್ಲ ಸಾರ್."

"ಯಾಕೋ? ನೀನು ಕತ್ತರಿಸೋದ್ರಲ್ಲಿ ಎತ್ತಿದ ಕೈ ಅಂತಾರೆ?"

"ಹೌದು ಸಾರ್," ಅಂದ ಲೋಹಿತ. "ಅದಕ್ಕೇ ಆಗಲ್ಲ."

ಫೋಟೋ ಇದ್ದಷ್ಟೂ ಅಗಲಕ್ಕೆ ಚೌಕಟ್ಟು ಕಟ್ಟಿ, ತಾನೇ ಹೊತ್ತು ತಂದು ಮೇಜಿನ ಮೇಲಿಟ್ಟು, ಜನರ ಹಿಂದೆ ಹೋಗಿ ನಿಂತ. ಹೂವಿನ ಹಾರ ಹಾಕುವವರು ಅದು ಬಕೆಟ್ಟಿನ ಮೇಲೆ ಬೀಳುವಂತೆ ಜಾಗ್ರತೆ ವಹಿಸಿದರು.

ಅಧ್ಯಕ್ಷರು ಚೆನ್ನಾಗಿ ಮಾತಾಡಿದರು. ಒಂದು ವಾಕ್ಯ ಎಲ್ಲರ ಮನಸ್ಸಿಗೂ ನಾಟಿತು: "ಈ ಊರು ಸಿದ್ದವೀರಯ್ಯನವರನ್ನು ಎಂದೂ, ಒಂದು ಕ್ಷಣವೂ ಅನುಮಾನಿಸಲಿಲ್ಲ." ಚಪ್ಪಾಳೆ ಬಿತ್ತು. ಶೋಕಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಅಂತ ಆಮೇಲೆ ನೆನಪಾಗಿ ನಿಲ್ಲಿಸಿದರು. ಮನೆಗೆ ನಡೆಯುತ್ತ ಅದೇ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಸಭೆಗೆ ಬರದವರನ್ನು ಬಾಗಿಲಿಗೆ ಕರೆದು ಹೇಳಿದರು. ಪರವೂರಿನ ನೆಂಟರಿಗೆ ಹೇಳಿದರು. ನನ್ನ ಮೆಸ್ಸಿನ ಹುಡುಗರೂ ಹೇಳಿದರು. ಹೇಳುವಾಗ ಕೆಲವರ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದ್ದೇನೆ. ಅವರು ನಾಟಕ ಮಾಡುತ್ತಿರಲಿಲ್ಲ.

ಆ ರಾತ್ರಿ ಊರಿಗೆ ಊರೇ ಸಪ್ಪೆ ಉಂಡಿತು.

ಶೋಕಸಭೆಯ ಮಾತನ್ನೂ ಉಪ್ಪು ಸುದ್ದಿಯ ಲೆಕ್ಕಕ್ಕೆ ಹಿಡಿಯುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬೆಳಗ್ಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸರಿಮಾಡಿಕೊಳ್ಳುವ ಕ್ರಮ ಎಲ್ಲರಿಗೂ ಬಾಯಿಪಾಠ. ಹಿಡಿ ಉಪ್ಪು ಹಿಡಿದು ಪಕ್ಕದ ಮನೆಗೆ ಹೋಗಿ, "ನನ್ನದು ಸಪ್ಪೆ, ನಾನು ಅನುಮಾನಿಸಿದ್ದೆ" ಅಂದರೆ ಮುಗಿಯಿತು. ಆದರೆ ಮೊದಲು ಹೋಗುವವರು ಯಾರು? ಮೊದಲ ಮನೆಯವರು ಎರಡನೇ ಮನೆಯವರು ಬರಲಿ ಅಂತ ಕಾದರು, ಎರಡನೆಯವರು ಮೂರನೆಯವರಿಗೆ ಕಾದರು.

ಉಪ್ಪು ಉಳಿದದ್ದು ಒಂದೇ ಮನೆಯಲ್ಲಿ. ಆ ದಿನಗಳಲ್ಲಿ ಚಂಪಾಳನ್ನು ಯಾರೂ ಮಾತಾಡಿಸಿರಲಿಲ್ಲವಾದ್ದರಿಂದ ಅವಳು ಯಾರಿಗೂ ಏನೂ ಹೇಳಿರಲಿಲ್ಲ. ಸುಬ್ಬಲಕ್ಷ್ಮಮ್ಮ ಬಟ್ಟಲು ಹಿಡಿದು ದಿಬ್ಬ ಹತ್ತಿದರು.

"ಸ್ವಲ್ಪ ಉಪ್ಪು ಕೊಡ್ತೀಯೇನಮ್ಮಾ, ತಾಯಿ?"

"ನಿಮ್ಮ ಮನೇದು ಏನಾಯ್ತಮ್ಮ?"

ಸುಬ್ಬಲಕ್ಷ್ಮಮ್ಮ ಬಟ್ಟಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಹೀಗೇ... ಮುಗಿದುಹೋಯ್ತು," ಅಂದರು. ಚಂಪಾ ಬಟ್ಟಲು ತುಂಬಿಸಿ ಕೊಟ್ಟಳು. ಅದು ಅವರ ಹೊಸ್ತಿಲು ದಾಟುವಷ್ಟರಲ್ಲಿ ಸೀಮೆಸುಣ್ಣವಾಯಿತು. ಹಾಗೆ ಇನ್ನೂ ಕೆಲವರು ಬಂದರು. ಅವಳು ಯಾರಿಗೂ ಇಲ್ಲ ಅನ್ನಲಿಲ್ಲ, ಮತ್ತೆ ಏನೂ ಕೇಳಲೂ ಇಲ್ಲ. ವಾರದೊಳಗೆ ಅವಳ ಸೋದರಮಾವ ಬಂದು ಕರೆದುಕೊಂಡು ಹೊರಟ.

ಬಸ್ಸಿನ ಕಿಟಕಿಯ ಹತ್ತಿರ ಲೋಹಿತ ಹೋಗಿ ನಿಂತ. ಅವಳ ತೊಡೆಯ ಮೇಲೆ ಬಟ್ಟೆ ಸುತ್ತಿದ ಉಪ್ಪಿನ ಜಾಡಿ ಇತ್ತು. ಅಲ್ಲಿ ನಡೆದದ್ದನ್ನು ನನಗೆ ಅವನೇ ಹೇಳಿದ್ದು.

"ಅವತ್ತು ನಾನು ಬಂದಿದ್ದು ನಿನ್ನ ನೋಡೋಕೆ," ಅಂದನಂತೆ. "ಅದನ್ನ ಹೇಳೋಕೆ ನಾಚಿಕೆಯಾಗಿ ಪುಡಿ ವಿಷಯ ಹೇಳ್ಬಿಟ್ಟೆ."

"ಗೊತ್ತಿತ್ತು, ನನ್ನ ನೋಡೋಕೆ ಬರ್ತಿದ್ದೆ ಅಂತ. ಅಪ್ಪಂಗೂ ಗೊತ್ತಿತ್ತು. ಆ ಹುಡುಗ ಟ್ಯಾಂಕ್ ನೋಡೋಕಂತೂ ಬರಲ್ಲ ಅಂತ ನಗ್ತಿದ್ರು."

ಬಸ್ಸು ಸ್ಟಾರ್ಟ್ ಆಯಿತು. ಅವಳು ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅದನ್ನ ಕಟ್ಟೆ ಮೇಲೆ ಹೇಳಿದ್ದಿದ್ರೆ ನಾಲ್ಕು ಜನ ನಗ್ತಿದ್ರು, ಅಷ್ಟೇ ಅಲ್ವಾ ಲೋಹಿತ?" ಅಂದಳಂತೆ.

ಆಗಿನಿಂದ ನಮ್ಮೂರು ಸಪ್ಪೆಗೆ ಒಗ್ಗಿಹೋಗಿದೆ. ಹುಣಸೆಹಣ್ಣು, ಮೆಣಸಿನಕಾಯಿ ಜಾಸ್ತಿ ಹಾಕುತ್ತೇವೆ. ಕಟ್ಟೆಯಲ್ಲಿ ಈಗ ಮೊದಲಿಗಿಂತ ಗದ್ದಲ. ಸಾರು ನೋಡುವ ಕಾಟ ಇಲ್ಲದ್ದರಿಂದ ಏನು ಬೇಕಾದರೂ ಹೇಳಬಹುದು, ಹೇಳುತ್ತಾರೆ, ಎಲ್ಲರಿಗೂ ಕೂರಲು ಜಾಗ ಇದೆ. ನಾನೂ ಬಾಗಿಲ ಮೇಲಿನ ಹಲಗೆ ಇಳಿಸಿ ಒಲೆಗೆ ಹಾಕಿದೆ. ಕಾಯಲು ಇನ್ನೇನಿತ್ತು?

ಲೋಹಿತ ಫ್ರೇಮಿನ ಅಂಗಡಿ ಬಿಟ್ಟು ನೀರುಗಂಟಿ ಕೆಲಸಕ್ಕೆ ಸೇರಿದ. ಬೇರೆ ಯಾರೂ ಬಂದಿರಲಿಲ್ಲ. ಪುಡಿ ಹಾಕುವ ಸಂಜೆ ಟ್ಯಾಂಕಿನ ಮೆಟ್ಟಿಲ ತುದಿಯಲ್ಲಿ ಬಕೆಟ್ಟು ಹಿಡಿದು ನಿಂತು, ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. ಎರಡನೇ ಸಲ ಅನ್ನ ಕೇಳಲು ನಾಚುತ್ತಿದ್ದವನ ಗಂಟಲು ಅದು ಅಂದರೆ ನಂಬುವುದು ಕಷ್ಟ. "ಬ್ಲೀಚಿಂಗ್ ಪುಡಿ ಹಾಕ್ತಿದೀನಿ! ನೀರು ಕೆಡದೇ ಇರ್ಲಿ ಅಂತ ಹಾಕ್ತಿದೀನಿ! ಸಿದ್ದಣ್ಣನೂ ಇದನ್ನೇ ಹಾಕ್ತಿದ್ರು! ಅವತ್ತು ನಾನು ಇಲ್ಲಿಗೆ ಬಂದಿದ್ದು ಚಂಪಾನ ನೋಡೋಕೆ!"

ಕಟ್ಟೆಯವರು ತಲೆ ಎತ್ತುವುದಿಲ್ಲ. ಮೊದಮೊದಲು ಒಂದಿಬ್ಬರು ಶಿಳ್ಳೆ ಹೊಡೆಯುತ್ತಿದ್ದರು, ಈಗ ಅದೂ ಇಲ್ಲ. ನಾನು ಮೆಸ್ಸಿನ ಹಿತ್ತಲಲ್ಲಿ ಅಕ್ಕಿ ಆರಿಸುತ್ತ ಕೇಳಿಸಿಕೊಳ್ಳುತ್ತೇನೆ. ಅವನು ಹೇಳುವುದು ನಿಜವೋ ಸುಳ್ಳೋ ನೋಡಲು ನನ್ನ ಹತ್ತಿರ ಉಪ್ಪಿಲ್ಲ. ಸುಮ್ಮನೆ ನಂಬುತ್ತೇನೆ.